ಮಾನ್ವಿ ಶಾಲೆಯ ಒನಕಿ ಇಂಗ್ಲೀಷು

ಆ ದಿನಗಳಲ್ಲಿ ಮಲ್ಲಯ್ಯ ಮಾಸ್ತರನ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ. ಪೋತ್ನಾಳದ ಬೂದೆಪ್ಪನ ಮಗಳು ಗೋಪಮ್ಮನನ್ನು ನೋಡಿ ಬಂದಿದ್ದ. ಗೋಪಮ್ಮನೂ ಬಾಗಿಲ ಸಂದಿಯೊಳಗಿಂದ ಅವನನ್ನು ಅಡಿಯಿಂದ ಮುಡಿತನಕ ನೋಡಿ ಹೂಂ ಅಂದಿದ್ದಳು. ಅಡ್ಡ ನಿಂತಿದ್ದು ಬೂದೆಪ್ಪನ ಒಂದೇ ಮಾತು.

"ಮಾಸ್ತರ, ನೀ ಛಲೋ ಮನಷ್ಯಾ ಅದೀ. ಆದ್ರ ನಿನ್ನ ನೌಕರಿ ಹಂಗಾಮಿ. ಇವತ್ತು ಅದ, ನಾಳಿ ಇಲ್ಲ. ಉಗಾದಿಯೊಳಗ ಕಾಯಂ ಆಗಿ ಬಾ, ಅಕ್ಕಿಕಾಳು ಹಾಕೂನು. ಇಲ್ಲಂದ್ರ ನಮ್ಮಕ್ಕನ ಮಗ ಬಾಸಿಂಗ ಕಟ್ಟಿಕೊಂಡೇ ಕುಂತಾನ ನೋಡು."

ಕಾಯಂ ಮಾಡುವುದು ಬಿಡುವುದು ರಾಯಚೂರಿನ ತಾಲೀಮು ಕಚೇರಿಯ, ಅಂದರೆ ವಿದ್ಯಾ ಇಲಾಖೆಯ, ದೊಡ್ಡ ಸಾಹೇಬರ ಕೈಯಲ್ಲಿತ್ತು. ಅವರು ಮಾನ್ವಿಗೆ ಬಂದು, ಮಲ್ಲಯ್ಯನ ಹುಡುಗರ ಇಂಗ್ಲೀಷು ಕೇಳಿ, ಆಮೇಲೆ ಹೂಂ ಅನ್ನಬೇಕು.

ಮಲ್ಲಯ್ಯ ಯಾಪಲದಿನ್ನಿಯವನು. ಅವನ ತಾಯಿ ದುರುಗಮ್ಮ ಮಂದಿ ಮನೆಯ ನವಣೆ ಕುಟ್ಟಿ, ಸಜ್ಜೆ ಕುಟ್ಟಿ ಮಗನನ್ನು ರಾಯಚೂರಿಗೆ ಓದಲು ಕಳಿಸಿದಳು. ಅವರ ಕೇರಿಯಲ್ಲಿ ಇಂಗ್ಲೀಷು ಕಲಿತವನು ಅವನೇ ಮೊದಲಿಗ. ದೇವದುರ್ಗದಲ್ಲಿ ಕೆಲವು ದಿನ ಹಂಗಾಮಿಯಾಗಿ ಕಲಿಸಿದ, ಅಲ್ಲಿಂದ ಮಾನ್ವಿಗೆ ಹಾಕಿದರು. ಅದು ಯುದ್ಧದ ಕಾಲ. ಸೀಮೆಎಣ್ಣೆಗೂ ತತ್ವಾರ, ಕಾಗದಕ್ಕೂ ತತ್ವಾರ, ಕಡೆಗೆ ಶಾಲೆಯ ಬಳಪವೂ ಮುಗಿದುಹೋಯಿತು. ಹುಡುಗರು ಮನೆಯಲ್ಲಿ ಕನ್ನಡ ಆಡುತ್ತಿದ್ದರು, ಶಾಲೆಯಲ್ಲಿ ಸರಕಾರದ ಭಾಷೆ ಉರ್ದು ಓದುತ್ತಿದ್ದರು. ಅದರ ಮೇಲೆ ಇಂಗ್ಲೀಷು ಬಂದು ಕೂತಿತ್ತು. ಒಬ್ಬನಿಗೆ "ವರ್ಕ್ಸ್", ಬಹಳ ಮಂದಿಗೆ "ವರ್ಕ್" ಅಂತ ಎಷ್ಟು ಸಲ ಹೇಳಿದರೂ "ಹೀ ವರ್ಕ್, ದೇ ವರ್ಕ್ಸ್" ಅಂತಲೇ ಕೂಗುತ್ತಿದ್ದರು.

ಒಂದು ದಿನ ಹೀಗೆ ತಲೆ ಹಿಡಿದು ಕೂತಾಗ ಶಾಲೆಯ ಗೋಡೆಯ ಆಚೆ ರಂಜಾನಬಿ ನವಣೆ ಕುಟ್ಟುವುದು ಕೇಳಿಸಿತು. ಒಬ್ಬಳೇ ಕುಟ್ಟುತ್ತಿದ್ದಳು. ಒನಕೆ ಬಿದ್ದಾಗೊಮ್ಮೆ ಬಾಯಿಂದ "ಉಸ್ಸ್" ಅಂತ ಉಸಿರು ಬರುತ್ತಿತ್ತು. ಸ್ವಲ್ಪ ಹೊತ್ತಿಗೆ ಸೊಸೆಯೂ ಬಂದು ಒನಕೆ ಹಿಡಿದಳು. ಇಬ್ಬರ ಏಟು ಒಂದರ ಹಿಂದೊಂದು ಬೀಳತೊಡಗಿತು, ಉಸ್ಸ್ ನಿಂತೇಹೋಯಿತು.

ಮಲ್ಲಯ್ಯ ಎದ್ದು ಗೋಡೆ ಹಾರಿಯೇಬಿಟ್ಟ.

"ಖಾಲಾ, ನಿನ್ನ ಕಟ್ಟಿಗಿ ಒರಳು ಕೊಡು!"

"ಯಾಕ ಮಾಸ್ತರ, ಬೀಗರು ಬರ್ತಾರೇನು? ಹುಡುಗಿ ಗಟ್ಟಿ ಆತೇನು?" ಅಂತ ನಕ್ಕಳು ರಂಜಾನಬಿ. ಒರಳು, ಒನಕೆ, ಬುಟ್ಟಿ, ಮೊರ ಎಲ್ಲ ಕೊಟ್ಟಳು. "ನವಣಿ ನಂದೇ ಕುಟ್ಟಿಸು. ನನಗೂ ಸೊಂಟನೋವು ತಪ್ಪತದ."

ಅಂದಿನಿಂದ ಇಂಗ್ಲೀಷು ಒರಳಿಗೆ ಬಿತ್ತು. ಒಬ್ಬ ಹುಡುಗ ಕುಟ್ಟಿದರೆ ಉಸ್ಸ್ ಅನ್ನಬೇಕು, ಆ ಸ್ಸ್ ಬಾಲಕ್ಕೆ ಹಚ್ಚಿ "ಹೀ ವರ್ಕ್ಸ್" ಅಂತ ಉಳಿದವರು ಕೂಗಬೇಕು. ಇಬ್ಬರು ಮೂವರು ಸೇರಿದರೆ ಉಸ್ಸ್ ಇಲ್ಲ, "ದೇ ವರ್ಕ್." ಬುಟ್ಟಿಯಲ್ಲಿ ಇದ್ದದ್ದು ಇನ್ನು ಕುಟ್ಟಬೇಕಾದದ್ದು, ಅದನ್ನು ಮುಟ್ಟಿ "ವಿಲ್ ವರ್ಕ್" ಅನ್ನಬೇಕು. ಕುಟ್ಟಿ ಮೊರಕ್ಕೆ ಸುರಿದದ್ದು ಆಗಿಹೋದದ್ದು, ಮೊರ ತಟ್ಟಿ "ವರ್ಕ್ಡ್." ಹುಡುಗರಿಗೆ ಹುಚ್ಚು ಹಿಡಿಯಿತು. ಬಿಡುವಿನ ಹೊತ್ತಿಗೂ ಹೊರಗೆ ಹೋಗಲೊಲ್ಲರು. ಹಂಪಣ್ಣ ಎಂಬ ಹುಡುಗನಂತೂ ಮೂಗಿನ ತುದಿಗೆ ಬೆವರು ಬರುವತನಕ ಒನಕೆ ಬಿಡುತ್ತಿರಲಿಲ್ಲ. ರಂಜಾನಬಿಯ ಹೊಟ್ಟು ಶಾಲೆ ತುಂಬ ಹಾರಾಡುತ್ತಿತ್ತು, ಉರ್ದು ಕಲಿಸುವ ಹೆಡ್ ಮಾಸ್ತರ್ ಅಲ್ಲಾಬಕ್ಷ್ ಸಾಹೇಬರು ಸೀನಿ ಸೀನಿ ಬೈಯುತ್ತಿದ್ದರು.

ತಾಲೀಮು ಸಾಹೇಬರು ಬರುವ ದಿನ ಬಂತು. ಅವರನ್ನು ಎದುರುಗೊಳ್ಳಲು ಮಲ್ಲಯ್ಯ ಊರ ಹೊರಗೆ ಹೋದ. ಇತ್ತ ಹೆಡ್ ಮಾಸ್ತರರು ಶಾಲೆ ಗುಡಿಸಿ, ಕುರ್ಚಿ ಹಾಕಲು ಹೋದರೆ ಇದ್ದ ಒಂದು ಕುರ್ಚಿಯ ಕಾಲು ಕಿತ್ತುಬಂತು. ಅವರಿಗೂ ತಲೆ ಓಡಿತು. ಒರಳಿನ ಮೇಲೆ ಹಲಗೆ ಇಟ್ಟು, ಹಸಿರು ಬಟ್ಟೆ ಹೊದಿಸಿ ಆಸನ ಮಾಡಿದರು. ಒನಕೆ, ಬುಟ್ಟಿ, ಮೊರ ಎಲ್ಲ ಗೋಡೆಯಾಚೆ ಕಳಿಸಿಬಿಟ್ಟರು.

ಮಲ್ಲಯ್ಯನ ಜೊತೆ ಸಾಹೇಬರು ಬಂದರು. ಒಳ್ಳೆ ಮೈಕೈ ತುಂಬಿದ ಆಳು. ಹಸಿರು ಬಟ್ಟೆಯ ಮೇಲೆ ಕೂತು ಹಂಪಣ್ಣನ ಕಡೆ ಬೆರಳು ಮಾಡಿದರು. "ಹೇಳಪಾ, ಹೀ ಬಂದ್ರ ಏನು ಬರ್ತದ, ದೇ ಬಂದ್ರ ಏನು ಬರ್ತದ?"

ಹಂಪಣ್ಣ ಬಾಯಿ ತೆರೆದ. ಎರಡೂ ಕೈ ಮೇಲೆತ್ತಿ ಇಲ್ಲದ ಒನಕೆ ಹಿಡಿದ. ಮಾತು ಬರಲಿಲ್ಲ. ಮುಂದಿನವನನ್ನು ಕೇಳಿದರು, ಅವನದೂ ಅದೇ ಗತಿ. ಇಡೀ ತರಗತಿ ಕೈ ಮೇಲೆತ್ತಿಕೊಂಡು ಸಾಹೇಬರ ಆಸನದ ಬುಡವನ್ನೇ ನೋಡುತ್ತಿತ್ತು.

"ಎಲ್ಲಾರೂ ನನ್ನ ಕೆಳಗ ಏನು ನೋಡಾಕತ್ತೀರಿ?"

ಹಂಪಣ್ಣ ಅಳುವ ದನಿಯಲ್ಲಿ ಅಂದ: "ಸಾಹೇಬ್ರ, ನೀವು ನಮ್ಮ ಇಂಗ್ಲೀಷಿನ ಮ್ಯಾಲ ಕುಂತೀರಿ."

ಬೂದೆಪ್ಪನ ಅಕ್ಕನ ಮಗ ಬಾಸಿಂಗ ಕಟ್ಟಿಕೊಂಡು ಕುದುರೆ ಏರಿದ್ದು ಮಲ್ಲಯ್ಯನ ಕಣ್ಣಿಗೆ ಕಟ್ಟಿತು. ಸಾಹೇಬರು ಎದ್ದು ಬಟ್ಟೆ ಎತ್ತಿದರು. "ಯೇ ಕ್ಯಾ ಹೈ?"

ಮಲ್ಲಯ್ಯ ಗೋಡೆಯ ಕಡೆ ಕೈ ಮಾಡಿ, "ಹಂಪಣ್ಣಾ, ಗ್ವಾಡಿ ಹಾರಲೇ!" ಅಂತ ಕೂಗಿದ. ಎವೆ ಇಕ್ಕುವುದರೊಳಗೆ ಒನಕೆ, ಬುಟ್ಟಿ, ಮೊರ, ನವಣೆ ಎಲ್ಲ ಬಂದವು. ಒರಳು ಗುಡುಗಿತು. ಒಬ್ಬ ಉಸ್ಸ್ ಅಂದ, "ಹೀ ವರ್ಕ್ಸ್." ಮೂವರು ಸೇರಿದರು, "ದೇ ವರ್ಕ್." ಮೊರ ತಟ್ಟಿದರು, ಬುಟ್ಟಿ ಮುಟ್ಟಿದರು, ಒಂದೂ ತಪ್ಪಲಿಲ್ಲ. ಸಾಹೇಬರ ಬೂಟಿನ ಕಾಲು ತಾನಾಗಿ ತಾಳ ಹಾಕತೊಡಗಿತು. ಕಡೆಗೆ ತಡೆಯಲಾರದೆ ಶೇರ್ವಾನಿ ಕಳಚಿ ಹೆಡ್ ಮಾಸ್ತರರ ಹೆಗಲಿಗೆ ಹಾಕಿ, ತಾವೇ ಒನಕೆ ಹಿಡಿದರು.

"ಈಗ ನನ್ನ ಮ್ಯಾಲ ಹೇಳ್ರಿ!"

ಹುಡುಗರು ಒಕ್ಕೊರಲಿಂದ ಕೂಗಿದರು: "ಸಾಹೇಬ್ ವರ್ಕ್!"

ಸಾಹೇಬರ ಒನಕೆ ಗಾಳಿಯಲ್ಲೇ ನಿಂತಿತು. "ಲೇ, ನಾ ಒಬ್ಬಾವ ಅದೀನಲ್ಲೋ."

"ಒಬ್ರೇ ಅದೀರಿ ಖರೆ," ಅಂದ ಹಂಪಣ್ಣ, "ಆದ್ರ ದೊಡ್ಡಾವರು ಅಲ್ಲೇನ್ರಿ? ಸಾಹೇಬ ಬಂದ ಅಂತೀವೇನ್ರಿ, ಬಂದ್ರು ಅಂತೀವಿ. ನಿಮ್ಮನ್ನ ಒಬ್ಬಾವನ ಲೆಕ್ಕಕ್ಕ ಹಿಡಿದ್ರ ನಮ್ಮವ್ವ ಬಾಯಿ ಮ್ಯಾಲ ಹೊಡೀತಾಳ್ರಿ."

ಇದೊಂದು ಮಲ್ಲಯ್ಯನಿಗೆ ಹೊಳೆದೇ ಇರಲಿಲ್ಲ. ಇಷ್ಟು ದಿನ ಒನಕೆ ಹಿಡಿದವರೆಲ್ಲ ಹುಡುಗರೇ. ಈಗ ತಿದ್ದಿದರೆ ಸಾಹೇಬರ ಮರ್ಯಾದೆ ಕಳೆದಂತೆ, ತಿದ್ದದಿದ್ದರೆ ನೌಕರಿ ಹೋದಂತೆ. ಹೆಡ್ ಮಾಸ್ತರರು ಶೇರ್ವಾನಿಯ ತೋಳನ್ನು ಹಿಂಡುತ್ತಾ ನಿಂತಿದ್ದರು. ಮಲ್ಲಯ್ಯ ಹುಡುಗರ ಕಡೆ ತಿರುಗಿದ.

"ಮರ್ಯಾದಿ ನಿಮ್ಮ ಕೈಯಾಗ ಇರಲಿ, ಕೈ ಮುಗೀರಿ. ಕಿವಿಗೆ ಮರ್ಯಾದಿ ಬ್ಯಾಡ. ಒಳಗಿಂದ ಏನು ಬರ್ತದ ಕೇಳ್ರಿ. ಸಾಹೇಬ್ರ, ಸುಮ್ಮ ನಿಂತೀರ್ಯಾಕ? ಹೊಡೀರಿ! ಜೋರ್ ಹೊಡೀರಿ!"

ದೊಡ್ಡ ಸಾಹೇಬರಿಗೆ ಹಂಗಾಮಿ ಮಾಸ್ತರ ಹುಕುಂ ಮಾಡಿದ್ದ. ಸಾಹೇಬರು ಮೀಸೆ ಕುಣಿಸಿ ಒನಕೆ ಎತ್ತಿ ಹೊಡೆದರು. ಮತ್ತೊಂದು, ಮತ್ತೊಂದು. ಆ ಭಾರದ ಮೈಯೊಳಗಿಂದ, ಕುಲುಮೆಯ ತಿದಿ ಒತ್ತಿದ ಹಾಗೆ, "ಉಸ್ಸ್ಸ್!" ಅಂತ ಬಂತು.

ಹುಡುಗರು ಕೈ ಮುಗಿದುಕೊಂಡೇ ಜಂತಿ ಹಾರುವಂತೆ ಕೂಗಿದರು: "ಸಾಹೇಬ್ ವರ್ಕ್ಸ್ಸ್!"

ಸಾಹೇಬರು ನಗುತ್ತಾ ಅಲ್ಲೇ ನೆಲಕ್ಕೆ ಕುಸಿದರು. ಹಂಪಣ್ಣ ಮೊರ ತಟ್ಟಿ "ಸಾಹೇಬ್ ವರ್ಕ್ಡ್!" ಅಂದ. ಇನ್ನೊಬ್ಬ ಬುಟ್ಟಿಯನ್ನು ಅವರ ಮುಂದೆ ತಳ್ಳಿ "ಸಾಹೇಬ್ ವಿಲ್ ವರ್ಕ್!" ಅಂದ.

"ತೋಬಾ ತೋಬಾ! ನಾ ರಾಯಚೂರಿಗೆ ಹೋಗಾವ!"

ಗೋಡೆಯ ಮೇಲೆ ರಂಜಾನಬಿಯ ತಲೆ ಕಾಣಿಸಿತು. "ಯಾರಪಾ ಅದು, ನನ್ನ ನವಣಿ ಎಲ್ಲಾ ಚೆಲ್ಲಾಕತ್ತಾವ? ಒನಕಿ ಹಿಡಿಯಾಕ ಬರೋದಿಲ್ಲೇನು?" ಸಾಹೇಬರು ಕೂತಲ್ಲಿಂದಲೇ ಅವಳಿಗೆ ಸಲಾಂ ಮಾಡಿದರು. ಮೈಮೇಲಿನ ಹೊಟ್ಟು ಕೊಡವುತ್ತಾ, "ಮಾಸ್ತರ, ನೀ ಕಾಯಂ. ಹೋಗು, ಮಂದಿಗೆ ಹೇಳು," ಅಂದರು.

ಮಂದಿಗೆ ಹೇಳಲು ಮಲ್ಲಯ್ಯನಿಗೆ ಪುರುಸೊತ್ತೆಲ್ಲಿ? ಚಪ್ಪಲಿ ಮೆಟ್ಟುವುದನ್ನೂ ಮರೆತು ಪೋತ್ನಾಳದ ದಾರಿ ಹಿಡಿದು ಓಡಿದ. ಗಾಡಿಯವರು "ಹತ್ತೋ ಮಾಸ್ತರ" ಅಂದರೆ "ನಿಮ್ಮ ಎತ್ತು ಬಹಳ ಮೆಲ್ಲಗ ಹೋಗ್ತಾವ" ಅಂದ. ಬೂದೆಪ್ಪ ಅಂಗಳದಲ್ಲಿ ಹಗ್ಗ ಹೊಸೆಯುತ್ತಿದ್ದ. ಮಲ್ಲಯ್ಯ ಅವನ ಮುಂದೆ ನಿಂತ, ಏದುಸಿರು ಬಿಟ್ಟ, ನಕ್ಕ. ಮಾತು ಹೊರಡಲೊಲ್ಲದು.

"ಏನಾತೋ ಮಾಸ್ತರ? ನಾಯಿ ಬೆನ್ನು ಹತ್ತಿತ್ತೇನು?"

ಮತ್ತೂ ನಕ್ಕ. ಬೂದೆಪ್ಪ ಗಾಬರಿಯಾಗಿ ಹಗ್ಗ ಬಿಟ್ಟು ಎದ್ದ. "ಗೋಪೀ, ನೀರು ತಾರಬೇ, ಮಾಸ್ತರಗ ಏನೋ ಆಗ್ಯಾದ!"

ಗೋಪಮ್ಮ ತುಂಬಿದ ತಂಬಿಗೆ ಹಿಡಿದು ಬಂದಳು. ಈ ಸಲ ಬಾಗಿಲ ಹಿಂದೆ ನಿಲ್ಲಲಿಲ್ಲ. ಅವನ ಧೂಳು ತುಂಬಿದ ಬರಿಗಾಲು ನೋಡಿದಳು, ಮುಖ ನೋಡಿದಳು, ತಂಬಿಗೆ ಕೈಗಿಟ್ಟಳು.

"ಏನೂ ಆಗಿಲ್ಲ ಬಿಡಪಾ," ಅಂದಳು ಅಪ್ಪನಿಗೆ. "ಅಕ್ಕಿಕಾಳಿಗೆ ಅರಿಶಿಣ ಕಲಸು ನಡಿ."