ಹಾಲಿನ ಮಾವಶಿಯ ಕಾಲುನೋವು

ಮೊನ್ನೆ ಪರಿಚಯದವರೊಬ್ಬರು ಹಳ್ಳಿಯಿಂದ ಬರುವಾಗ ಆಗಷ್ಟೇ ಹಿಂಡಿದ ಎಮ್ಮೆ ಹಾಲು ತಂದುಕೊಟ್ಟರು. ಡಬ್ಬಿಯ ಮುಚ್ಚಳ ತೆಗೆದೆ. ಪಾಕೀಟಿನ ಹಾಲಿನಲ್ಲಿ ಎಂದೂ ಸಿಗದ ಆ ಹಸಿ ವಾಸನೆ... ಒಂದಿಷ್ಟು ಹುಲ್ಲು, ಒಂದಿಷ್ಟು ಎಮ್ಮೆಯ ಮೈಯ ಬಿಸಿ. ಬೆಳಗಾವಿಯ ಸದಾಶಿವನಗರದ ನನ್ನ ಅಡುಗೆಮನೆಯಲ್ಲಿ ನಿಂತಿದ್ದವಳಿಗೆ ಖಾನಾಪುರದ ಬಾಜೂ ಮನೆಯ ಮಾವಶಿ ನೆನಪಾದರು. ಆ ಮೇಲೆ ಸಂಜೆಯವರೆಗೂ ಒಂದು ಕಡೆ ಕೂರಲಾಗಲಿಲ್ಲ.

ಮಾವಶಿ ಎಂದರೆ ಮರಾಠಿಯಲ್ಲಿ ಚಿಕ್ಕಮ್ಮ, ಆದರೆ ಅವರು ನಮಗೆ ಸಂಬಂಧಿಕರಲ್ಲ. ಮನೆಯಲ್ಲಿ ಮರಾಠಿ, ನಮ್ಮ ಜೊತೆ ಕನ್ನಡ. ಓಣಿಗೆಲ್ಲ ಅವರ ಮನೆಯದೇ ಹಾಲು, ಹಾಗಾಗಿ ಎಲ್ಲರ ಬಾಯಲ್ಲೂ ಹಾಲಿನ ಮಾವಶಿ. ತೆಳ್ಳಗೆ, ಎತ್ತರಕ್ಕೆ ಇದ್ದರು. ನಡೆದರೆ ನಾವು ಓಡಬೇಕು, ಅಂಥ ನಡಿಗೆ. ಎಮ್ಮೆ ಈಯುವಾಗ ಬೇರೆಯವರನ್ನು ಹತ್ತಿರ ಬಿಡುತ್ತಿರಲಿಲ್ಲ, ತಾವೇ ಸೆರಗು ಬಿಗಿದು ಮೊಣಕೈವರೆಗೆ ಕೈಹಾಕಿ ಕರು ಎಳೆಯುತ್ತಿದ್ದರು. ಹಿಂಡಿದ ಮೇಲೆ ಒಂದು ಲೋಟ ನೊರೆಹಾಲು ಅಲ್ಲೇ ನಿಂತು ಕುಡಿದರೇನೇ ಅವರಿಗೆ ಬೆಳಗು. ನಮ್ಮವ್ವ ಹಾಲನ್ನು ಉಕ್ಕಿಸಿ ಉಕ್ಕಿಸಿ ಕಾಸುವುದನ್ನು ಕಂಡರೆ, ಇದ್ದ ಸತ್ವವನ್ನೆಲ್ಲ ಒಲೆಗೆ ಕೊಟ್ಟೆ ನೋಡು ಎಂದು ಬೈಯುತ್ತಿದ್ದರು.

ಎಪ್ಪತ್ತರ ದಶಕದ ಕೊನೆಯ ವರ್ಷಗಳವು. ಒಂದು ಮಳೆಗಾಲ ಮುಗಿಯುತ್ತಿದ್ದ ಹಾಗೆ ಮಾವಶಿಯ ಬಲಮೊಣಕಾಲು ನೋಯತೊಡಗಿತು. ಎಲ್ಲೋ ಜಾರಿರಬೇಕು ಅಂದುಕೊಂಡರು. ಅದು ಇಳಿಯುವ ಹೊತ್ತಿಗೆ ಸೊಂಟದ ಕೀಲು ಹಿಡಿಯಿತು, ಆಮೇಲೆ ಹಿಮ್ಮಡಿ, ಮತ್ತೆ ಮೊಣಕಾಲು. ಇವತ್ತು ಇಲ್ಲಿದ್ದದ್ದು ನಾಳೆ ಇನ್ನೆಲ್ಲೋ. ಇಳಿಹೊತ್ತಿನಲ್ಲಿ ಚಳಿ ಬಂದು ಮೈ ಸುಡುತ್ತಿತ್ತು. ಬೆಳಗಿಗೆ ಬೆವರಿ ಸೀರೆ ಒದ್ದೆಯಾಗಿ ಜ್ವರವೇ ಇಲ್ಲ. ಡಾಕ್ಟರರು ನೋಡುವುದು ಬೆಳಗ್ಗೆ. ಮಾವಶಿ ಸುಡುತ್ತಿದ್ದದ್ದು ಸಂಜೆ. ವರ್ಷಗಟ್ಟಲೆ ಈ ಎರಡು ಹೊತ್ತು ಒಂದಕ್ಕೊಂದು ಎದುರಾಗಲೇ ಇಲ್ಲ.

ಊರಿನ ವೈದ್ಯರು ವಾತ ಎಂದು ಎಣ್ಣೆ ಕೊಟ್ಟರು. ದವಾಖಾನೆಯಲ್ಲಿ ಬಿಳಿ ಗುಳಿಗೆ ಕೊಟ್ಟರು. ಯಾರೋ ಹೇಳಿದರೆಂದು ಬದನೆಕಾಯಿ, ಹುಳಿ ಬಿಟ್ಟರು. ನೋವು ಬಿಡಲಿಲ್ಲ. ಅವರ ಗಂಡ ಕೆಟ್ಟವರೇನಲ್ಲ, ಆದರೆ ಬಾವು ಕಾಣದ, ಗಾಯ ಕಾಣದ ನೋವನ್ನು ಎಷ್ಟು ದಿನ ಅಂತ ನಂಬಬೇಕು ಎಂದು ತೋರಿತೇನೋ. ಕೊಟ್ಟಿಗೆಯ ಕೆಲಸ ತಪ್ಪಿಸಿಕೊಳ್ಳಲು ಹೂಡಿದ ಆಟ ಎಂದು ಕಟ್ಟೆಯ ಮೇಲೆ ಕೂತು ನಾಲ್ಕು ಜನರ ಎದುರಿಗೇ ಅಂದುಬಿಟ್ಟರು. ಮಾವಶಿ ಒಳಗಿದ್ದರು. ಕೇಳಿಸಿತ್ತು.

ಅದರ ಮಾರನೆಯ ದಿನ ನಮ್ಮವ್ವನ ಹತ್ತಿರ ಬಂದು, ಬೆಳಗಾವಿಗೆ ಹೋಗುತ್ತೇನೆ, ನಿನ್ನ ಮಗಳನ್ನು ನನ್ನ ಜೊತೆ ಕಳಿಸು ಎಂದರು. ನಾನು ಬಿ.ಎ. ಮುಗಿಸಿ, ಸಾಲಿಯಲ್ಲಿ ಕಲಿಸುವ ನೌಕರಿಗೆ ಅರ್ಜಿ ಹಾಕಿ ಮನೆಯಲ್ಲಿ ಕೂತಿದ್ದೆ. ಗಂಡಿನ ಕಡೆಯವರು ಬರುವುದು, ಉಪ್ಪಿಟ್ಟು ತಿಂದು ಹೋಗುವುದು ನಡೆದಿತ್ತು. ಎಲ್ಲಿಗಾದರೂ ಹೋದರೆ ಸಾಕು ಎನ್ನುವಂತಿದ್ದವಳಿಗೆ ಬೆಳಗಾವಿ ಬೇಡ ಎನ್ನಲಾದೀತೆ?

ಆಮೇಲೆ ಅದೆಷ್ಟು ಸಲ ಹೋದೆವೋ... ರೈಲುಗಾಡಿಯಲ್ಲಿ ಜಾಗ ಖಾಲಿ ಇದ್ದರೂ ಮಾವಶಿ ಬಾಗಿಲ ಬಳಿ ನಿಂತೇ ಇರುತ್ತಿದ್ದರು. ಕೂತರೆ ಏಳುವುದು ಕಷ್ಟ, ನಿಂತರೆ ನಿಲ್ಲುವುದು ಕಷ್ಟ. ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಭಾರ ಹಾಕುತ್ತ, ಊರು ದಾಟುವುದರೊಳಗೆ ನಾಲ್ಕಾರು ಸಲ ಜಾಗ ಬದಲಿಸುತ್ತಿದ್ದರು. ಎಲುಬಿನ ಡಾಕ್ಟರರು ಫೋಟೋ ತೆಗೆಸಿ, ಎಲುಬು ಚೆನ್ನಾಗಿವೆ ಎಂದರು. ಇನ್ನೊಬ್ಬರು ರಕ್ತ ಕಡಿಮೆ ಎಂದರು. ಮತ್ತೊಬ್ಬರ ಸೂಜಿಗೆ ನೋವು ಹಾರಿಹೋಗಿ, ಮಾವಶಿ ಹೊಸ ಹುಡುಗಿಯ ಹಾಗೆ ಓಡಾಡಿದರು. ವಾರದೊಳಗೆ ಅದು ಮೊದಲಿಗಿಂತ ಜೋರಾಗಿ ಮರಳಿತು.

ಕೊನೆಗೊಬ್ಬರು ಕಾಗದಗಳನ್ನೆಲ್ಲ ತಿರುವಿ ನೋಡಿ, ಮಾವಶಿಯ ಕಡೆ ನೋಡದೆ ನನಗೆ ಹೇಳಿದರು: ಇವರಿಗೇನೂ ಆಗಿಲ್ಲ, ಮನಸ್ಸಿಗೆ ಹಚ್ಚಿಕೊಂಡಿದ್ದಾರೆ.

ಹೊರಗೆ ಬಂದು ಟಾಂಗಾ ಸ್ಟ್ಯಾಂಡಿನವರೆಗೆ ನಡೆದೆವು. ಅಲ್ಲಿ ಮಾವಶಿ ನಿಂತುಬಿಟ್ಟರು.

"ಪೋರಿ, ಖರೇ ಹೇಳು. ನಂಗ ಹುಚ್ಚ ಹಿಡದೈತೇನು? ನೋವು ಇಲ್ಲದನ ನಾ ನೋವು ಅನ್ನಾಕತ್ತೇನೇನು?"

ಇಲ್ಲ ಮಾವಶಿ ಅಂದೆ. ಆ ಮೇಲಿನ ದಿನಗಳಲ್ಲಿ ಅವರು ಹೊಸ ಚಾಳಿಯೊಂದನ್ನು ಹಚ್ಚಿಕೊಂಡರು. ಮಾತಾಡುತ್ತ ಮಾತಾಡುತ್ತ ಹೆಬ್ಬೆರಳಿನಿಂದ ಮೊಣಕಾಲ ಸಂದನ್ನು ಗಟ್ಟಿಯಾಗಿ ಒತ್ತಿ ನೋಡುವುದು, ನೋವು ನಿಜವಾಗಿಯೂ ಇದೆಯೋ ಇಲ್ಲವೋ ಎಂದು. ನೋವಿಗಿಂತ ಆ ಒತ್ತಿಕೊಳ್ಳುವುದನ್ನು ನೋಡುವುದೇ ನನಗೆ ಕಷ್ಟವಾಗುತ್ತಿತ್ತು.

ಬೆಳಗಾವಿಯ ದೊಡ್ಡ ದವಾಖಾನೆಯೊಂದಕ್ಕೆ ಹೋಗಲು ಹೊರಟ ದಿನ ಗಾಡಿ ತಡವಾಯಿತು. ನಾವು ಮುಟ್ಟಿದಾಗ ಇಳಿಹೊತ್ತು. ಚೀಟಿ ಮಾಡಿಸಿ, ಮರದ ಬಾಕಿನ ಮೇಲೆ ಕೂತು ಕಾಯುತ್ತಿದ್ದ ಹಾಗೆಯೇ ಮಾವಶಿಗೆ ಚಳಿ ಹತ್ತಿತು. ಒಳಗೆ ಹೋಗುವ ಹೊತ್ತಿಗೆ ಹಲ್ಲು ಕಟಕಟ ಎನ್ನುತ್ತಿದ್ದವು. ವಯಸ್ಸಾದ ಡಾಕ್ಟರರು. ಹಳೇ ಕಾಗದಗಳನ್ನು ಮುಟ್ಟಲೇ ಇಲ್ಲ. ಮಾವಶಿಯ ಮಣಿಕಟ್ಟು ಹಿಡಿದು, ಈ ಜ್ವರ ದಿನಾ ಇದೇ ಹೊತ್ತಿಗೆ ಬರುತ್ತದೆಯೇ, ಬೆವರುತ್ತೀರಾ, ಎಷ್ಟು ವರ್ಷದಿಂದ ಎಂದು ಒಂದೊಂದಾಗಿ ಕೇಳಿದರು. ಮನೆಯಲ್ಲಿ ಏನು ಕೆಲಸ ಎಂದು ಕೇಳಿದರು. ಎಮ್ಮೆಯ ಮಾತು ಬಂದದ್ದೇ ಬರೆಯುವುದನ್ನು ನಿಲ್ಲಿಸಿದರು.

"ಬಾಯಿ, ನಿಮ್ಮ ಎಮ್ಮಿ ಯಾವಾಗರ ಕಂದ ಹಾಕ್ಯಾವೇನ್ರಿ?"

ಮಾವಶಿ ನನ್ನ ಮುಖ ನೋಡಿದರು. ಎಮ್ಮೆ ಕಂದು ಹಾಕಿದರೆ, ಅಂದರೆ ತಿಂಗಳು ತುಂಬುವ ಮೊದಲೇ ಕರು ಹಾಕಿದರೆ, ಹಾಲಿನ ಮನೆಯವರು ಯಾರಿಗೂ ಹೇಳುವುದಿಲ್ಲ. ಬಾಜೂ ಮನೆಯವರಾದ ನಮಗೂ ಅದು ಗೊತ್ತಿರಲಿಲ್ಲ.

"ಹಾಕ್ಯಾವ್ರಿ," ಎಂದರು ಸಣ್ಣ ದನಿಯಲ್ಲಿ. "ನಾನ ಕೈಲೆ ತಗದೇನಿ."

ಆ ರೋಗ ದನಗಳದು, ಹಸಿ ಹಾಲಿನಿಂದಲೂ, ಕಂದು ತೆಗೆದ ಕೈಯಿಂದಲೂ ಮನುಷ್ಯರಿಗೆ ಬರುತ್ತದೆ, ಕೀಲುಗಳಲ್ಲಿ ಮನೆ ಮಾಡುತ್ತದೆ ಎಂದು ಡಾಕ್ಟರರು ಬಿಡಿಸಿ ಹೇಳಿದರು. ರಕ್ತ ತೆಗೆದುಕೊಂಡರು. ಮುಂದಿನ ಸಲ ಹೋದಾಗ ಅದೇ ಹೌದು ಎಂದಾಯಿತು. ಬ್ರುಸೆಲ್ಲಾ ಎನ್ನುವ ಆ ಹೆಸರು ಮಾವಶಿಯ ನಾಲಿಗೆಗೆ ಹೊರಳಲಿಲ್ಲ. ಆದರೆ ಅವರ ಮುಖ... ಕೆಟ್ಟ ಸುದ್ದಿ ಕೇಳಿದವರ ಮುಖವಾಗಿರಲಿಲ್ಲ ಅದು. ಕಣ್ಣು ತುಂಬಿಕೊಂಡು ಒಂದೇ ಒಂದು ಬೇಡಿಕೆ ಇಟ್ಟರು.

"ಸಾಹೇಬ್ರ, ಈ ಮಾತು ನಮ್ಮನಿಯವರಿಗೆ ನೀವ ಹೇಳ್ರಿ. ನಾ ಹೇಳಿದ್ರ ನಂಬೂದಿಲ್ಲ."

ಗಂಡ ಬಂದರು, ಕೇಳಿದರು, ತಲೆ ತಗ್ಗಿಸಿ ಹೊರಟರು. ಸೂಜಿ, ಗುಳಿಗೆ ಎರಡೂ ಬಹಳ ದಿನ ನಡೆದವು. ಸಂಜೆಯ ಚಳಿ ನಿಂತಿತು. ಮೊಣಕಾಲು ಹಗುರಾಯಿತು. ಸೊಂಟದ ಕೀಲು ಮಾತ್ರ ಅಷ್ಟೊತ್ತಿಗೆ ಕೆಟ್ಟುಹೋಗಿತ್ತು, ಮೊದಲೇ ಬಂದಿದ್ದರೆ ಎಂದು ಡಾಕ್ಟರರು ಅರ್ಧಕ್ಕೇ ನಿಲ್ಲಿಸಿದರು. ಮೊದಲೇ ಬಂದಿದ್ದೆವಲ್ಲ, ಎಷ್ಟು ಬಾಗಿಲಿಗೆ...

ನಿಜವಾದ ಕಷ್ಟ ಆಮೇಲೆ ಶುರುವಾಯಿತು. ಸುದ್ದಿ ಹೊರಗೆ ಬೀಳುವ ಮೊದಲೇ ಎಮ್ಮೆಗಳನ್ನು ಸಂತೆಗೆ ಹೊಡೆದು ಮಾರಿಬಿಡೋಣ ಎಂದು ಗಂಡ ಹಟ ಹಿಡಿದರು. ಅವರ ಹೆದರಿಕೆಯೂ ಸುಳ್ಳಲ್ಲ, ಹಾಲು ಬಿಟ್ಟರೆ ಆ ಮನೆಗೆ ಬೇರೆ ಗಳಿಕೆ ಇರಲಿಲ್ಲ. ಗೋಡೆಯಾಚೆಯಿಂದ ಜಗಳ ನಮಗೂ ಕೇಳುತ್ತಿತ್ತು. ಮಾವಶಿಯ ಒಂದು ಮಾತು ಇನ್ನೂ ಕಿವಿಯಲ್ಲಿದೆ.

"ಅವನ್ನ ಯಾವಾಕಿ ಕೊಳ್ಳತಾಳೊ, ಆಕಿ ಕಾಲಿಗೂ ಇದ ಬರತೈತಿ. ಆಕಿನ್ನೂ ಎಲ್ಲಾರೂ ಸುಳ್ಳಿ ಅಂತಾರ. ನಾ ಮಾರಾಕ ಬಿಡೂದಿಲ್ಲ."

ಮರುದಿನ ಕೋಲು ಹಿಡಿದು ಹೊರಬಿದ್ದರು. ಹಾಲು ಕೊಳ್ಳುವ ಒಂದೊಂದು ಮನೆಯ ಮೆಟ್ಟಿಲನ್ನೂ ಹತ್ತಿ, ನನ್ನ ಎಮ್ಮೆಗಳಿಗೆ ರೋಗ ಇದೆ, ಹಾಲನ್ನು ಚೆನ್ನಾಗಿ ಉಕ್ಕಿಸದೆ ಮಕ್ಕಳಿಗೆ ಕೊಡಬೇಡಿ, ಬೇಡವೆಂದರೆ ಬಿಡಿ, ನನಗೆ ಸಿಟ್ಟಿಲ್ಲ ಎಂದು ಹೇಳಿದರು. ಜೊತೆಗೆ ನಾನಿದ್ದೆ. ಕೆಲವರು ಕುಂದರ್ರಿ ಎಂದರು. ಕೆಲವರು ಕದ ಅರ್ಧ ಮುಚ್ಚಿಕೊಂಡೇ ಕೇಳಿದರು. ವಾರದೊಳಗೆ ಓಣಿಯ ಮುಕ್ಕಾಲು ಮನೆಗಳು ಹಾಲು ಬಿಟ್ಟವು. ನಮ್ಮವ್ವ ಒಂದು ದಿನ ಪೂರ್ತಿ ಯೋಚಿಸಿ, ಮಾರನೆಯ ಬೆಳಗ್ಗೆ ಎಂದಿನಂತೆ ಚರಿಗೆ ಕೊಟ್ಟು ನನ್ನನ್ನು ಕಳಿಸಿದಳು.

ದನದ ಡಾಕ್ಟರರು ಬಂದು ಪರೀಕ್ಷೆ ಮಾಡಿ ರೋಗವಿದ್ದವುಗಳನ್ನು ಬೇರೆ ಕಟ್ಟಿಸಿದರು. ಉಳಿದವುಗಳ ಹಾಲನ್ನು ಮಾವಶಿ ತಾವೇ ಕಾಸಿ, ಹೆಪ್ಪು ಹಾಕಿ, ಮೊಸರು ಮಾರಲು ಶುರುಮಾಡಿದರು. ಹೋದ ಗಿರಾಕಿಗಳೆಲ್ಲ ಮರಳಲಿಲ್ಲ. ಕೊಟ್ಟಿಗೆ ವರ್ಷದಿಂದ ವರ್ಷಕ್ಕೆ ತೆರವಾಗುತ್ತ ಹೋಯಿತು. ಎಂಬತ್ತರ ದಶಕದ ನಡುವೆ, ನಾನು ನೌಕರಿ, ಮದುವೆ ಎಂದು ಬೆಳಗಾವಿಯಲ್ಲಿ ನೆಲೆಸಿದ ಮೇಲೆ, ಒಂದು ಚಳಿಗಾಲದಲ್ಲಿ ಮಾವಶಿ ಜಾರಿಬಿದ್ದು ಅವರ ಅದೇ ಸೊಂಟ ಮುರಿಯಿತು. ಮಲಗಿದವರು ಮತ್ತೆ ಏಳಲಿಲ್ಲ. ಅವ್ವ ಹೇಳಿ ಕಳಿಸುವಷ್ಟರಲ್ಲಿ ಎಲ್ಲ ಮುಗಿದಿತ್ತು.

ಕಳೆದ ವರ್ಷ ಖಾನಾಪುರಕ್ಕೆ ಹೋದಾಗ ಆ ಓಣಿಯಲ್ಲಿ ಸುಮ್ಮನೆ ಒಂದು ಸುತ್ತು ಹಾಕಿದೆ. ಕೊಟ್ಟಿಗೆಯಿದ್ದ ಕಡೆ ಎರಡಂತಸ್ತಿನ ಮನೆ ಎದ್ದಿದೆ. ಅಲ್ಲಿಯವರಿಗೆ ಮಾವಶಿ ಯಾರೆಂದು ಗೊತ್ತಿಲ್ಲ. ಗೊತ್ತಿದ್ದವರಲ್ಲಿ ಉಳಿದಿರುವುದು ಬಹುಶಃ ನಾನೊಬ್ಬಳೇ. ನನ್ನ ಹತ್ತಿರ ಅವರದೊಂದು ಫೋಟೋ ಕೂಡ ಇಲ್ಲ. ಕಣ್ಣು ಮುಚ್ಚಿ ನೆನೆಸಿಕೊಳ್ಳಲು ಹೋದರೆ ಕೋಲು ಊರುವ ಸಪ್ಪಳ ಕೇಳುತ್ತದೆ, ಬಲಗಾಲು ಎಳೆಯುತ್ತ ಯಾರದೋ ಮನೆಯ ಮೆಟ್ಟಿಲು ಹತ್ತುವ ಬೆನ್ನು ಕಾಣುತ್ತದೆ. ಇನ್ನೇನು ತಿರುಗುತ್ತಾರೆ ಎಂದು ಕಾಯುತ್ತೇನೆ... ಮುಖ ಮಾತ್ರ ಈ ಕಡೆ ತಿರುಗುವುದಿಲ್ಲ.