ಡಬ್ಬಿ ಅಳೆದ ಮುದ್ದೆ

ಶಿರಾ ಗೇಟಿನಲ್ಲಿ ಆಟೋಗೆ ಕಾಯುತ್ತಿದ್ದೆ. ಚೀಲದ ತುಂಬ ಕೋಡುಬಳೆ, ಹಣ್ಣು, ತುಪ್ಪ. ಹೋದ ತಿಂಗಳು ಅಪ್ಪನನ್ನು ಕಳೆದುಕೊಂಡ ನನ್ನ ಸೊಸೆ ಸರಿಯಾಗಿ ಊಟ ಮಾಡುತ್ತಿಲ್ಲ. ಇವತ್ತು ತಿನ್ನಿಸಿಯೇ ತೀರುತ್ತೇನೆಂದು ಹಟ ತೊಟ್ಟಿದ್ದೆ. ಅಷ್ಟರಲ್ಲಿ ಪಕ್ಕದ ಹಳೇ ಸ್ಕೂಟರೊಂದು ಕಪ್ಪು ಹೊಗೆ ಬಿಟ್ಟು, ಕೆಮ್ಮಿ, ನಿಂತುಹೋಯಿತು. ಹಸಿ ಪೆಟ್ರೋಲಿನ ವಾಸನೆ. ಚಿಕ್ಕಪ್ಪ ಇದ್ದಿದ್ದರೆ ಮೂಸಿಯೇ ಅದರ ಕಾಯಿಲೆ ಹೇಳುತ್ತಿದ್ದರು.

ಅಮೃತೂರಿನ ಚಿಕ್ಕಪ್ಪ ವಿಮಾನದ ಇಂಜಿನ್ ರಿಪೇರಿ ಮಾಡಿ ರಿಟೈರ್ ಆದವರು. ಸ್ಕೂಲಿನಲ್ಲಿ ನಾನು ಅವರನ್ನು ಪೈಲಟ್ ಎಂದೇ ಹೇಳಿಕೊಂಡು ಮೆರೆದಿದ್ದೆ. ಅವರು ಹಾರಿದ್ದಕ್ಕಿಂತ ವಿಮಾನದ ಕೆಳಗೆ ಮಲಗಿದ್ದೇ ಹೆಚ್ಚೆಂದು ತಿಳಿದದ್ದು ತಡವಾಗಿ. ಮನೆಯ ಸೀಮೆಎಣ್ಣೆ ಸ್ಟೌ ಕೆಟ್ಟರೂ ಅವರು ಮೊದಲು ಅದರ ಸದ್ದಿಗೆ ಕಿವಿಗೊಡುತ್ತಿದ್ದರು ನೋಡಿ.

ಅಮ್ಮ ತೀರಿಕೊಂಡ ವರ್ಷ ನಾನು ಅವರ ಮನೆಯಲ್ಲಿದ್ದೆ. ತುತ್ತು ಗಂಟಲಲ್ಲಿ ಇಳಿಯುತ್ತಿರಲಿಲ್ಲ, ಬಟ್ಟೆ ಮೈಮೇಲೆ ಜೋಲುತ್ತಿತ್ತು. ನಮ್ಮ ಕಡೆ ದುಃಖಕ್ಕೆ ಇರುವ ಮದ್ದು ಒಂದೇ, ಬಡಿಸುವುದು. ನಾನು ಬೇಡ ಅಂದಷ್ಟೂ ಚಿಕ್ಕಮ್ಮ ದೊಡ್ಡ ಮುದ್ದೆ ಇಡುತ್ತಿದ್ದರು. ತಿಂದದ್ದೆಲ್ಲ ಹಿತ್ತಲಲ್ಲಿ ವಾಂತಿಯಾಗುತ್ತಿತ್ತು.

ಒಂದು ಮಧ್ಯಾಹ್ನ ಚಿಕ್ಕಪ್ಪ ನನ್ನ ತಟ್ಟೆಗೆ ಕೈ ಅಡ್ಡ ಹಿಡಿದು ಚಿಕ್ಕಮ್ಮನನ್ನು ತಡೆದರು.

"ಬುಡು ಕಣೇ. ವಿಮಾನ ಮೇಲಕ್ಕೋದಂಗೆ ಗಾಳಿ ತೆಳ್ಳಗಾಗ್ತದೆ. ಕೆಳಗೆ ಬಿಟ್ಟಷ್ಟೇ ಪೆಟ್ರೋಲ್ ಬಿಟ್ರೆ ಇಂಜಿನ್ ಉಸ್ರು ಕಟ್ತದೆ. ಅದಕ್ಕೇ ಗಾಳಿ ಪೆಟ್ರೋಲ್ ಬೆರೆಸೋ ಕಾರ್ಬುರೇಟರಲ್ಲಿ ಪುಟ್ಟ ಡಬ್ಬಿ ಇಟ್ಟವ್ರೆ, ಗಾಳಿ ಆಡದಂಗೆ ಮುಚ್ಚಿರೋದು. ಹೊರಗೆ ಗಾಳಿ ತೆಳ್ಳಗಾದ್ರೆ ಅದು ಉಬ್ಬಿ, ಪೆಟ್ರೋಲ್ ಬರೋ ತೂತಿಗೆ ಸೂಜಿ ತಳ್ಳಿ, ಅದನ್ನ ಕಮ್ಮಿ ಮಾಡ್ತದೆ. ಕೆಳಗಿಳಿದ್ರೆ ಕುಗ್ಗಿ, ಮತ್ತೆ ಜಾಸ್ತಿ ಬಿಡ್ತದೆ."

"ಊಟದೊತ್ನಲ್ಲಿ ಇದೇನ್ ಪುರಾಣ?" ಎಂದರು ಚಿಕ್ಕಮ್ಮ.

"ಈ ಮಗೀಗೆ ಈಗ ಗಾಳಿ ಕಮ್ಮಿ ಐತೆ. ನೀನು ತುಂಬ್ತಾನೇ ಇದೀಯ."

ಅಂದಿನಿಂದ ನನಗೆ ಮುದ್ದೆ ಮುರಿದು ಇಡುವ ಕೆಲಸ ಅವರದಾಯಿತು. ಮೊದಲು ನೆಲ್ಲಿಕಾಯಿಯಷ್ಟು. ಆಮೇಲೆ ದಿನಾ ನನ್ನ ಮುಖ ನೋಡಿ ಅಳತೆ. ಅತ್ತು ಎದ್ದ ದಿನ ಕಮ್ಮಿ, ಅಂಗಳಕ್ಕೆ ಹೋಗಿ ಬಂದ ದಿನ ಒಂದಿಷ್ಟು ಜಾಸ್ತಿ. ಮಾರ್ಕೋನಹಳ್ಳಿ ಡ್ಯಾಮಿನಿಂದ ಮೀನು ತಂದ ದಿನ ನಾನೇ ಬಾಯಿಬಿಟ್ಟು "ಇನ್ನೊಂಚೂರು" ಅಂದೆ. ಚಿಕ್ಕಪ್ಪ ಹೆಂಡತಿಯ ಕಡೆ ತಿರುಗಿ, "ವಿಮಾನ ಇಳೀತು ಕಣೇ," ಎಂದರು. ಚಿಕ್ಕಮ್ಮ ಸೆರಗಲ್ಲಿ ಕಣ್ಣೊರೆಸಿಕೊಂಡರು.

ಆ ಮನುಷ್ಯ ನನ್ನನ್ನು ಉಳಿಸಿದರು. ಅವರಿದ್ದಾಗಲೇ ಇದನ್ನು ಹೇಳಿದ್ದೆ. "ನಾನಲ್ಲ ಕಣವ್ವ, ಡಬ್ಬಿ," ಅಂದುಬಿಟ್ಟಿದ್ದರು.

ಇವತ್ತು ಆಟೋ ಇಳಿದು ಮನೆಗೆ ಬಂದವಳು ಚೀಲ ಬಿಚ್ಚಲಿಲ್ಲ. ಊಟಕ್ಕೆ ಕೂತ ಸೊಸೆಯ ತಟ್ಟೆಗೆ ನೆಲ್ಲಿಕಾಯಿಯಷ್ಟು ಮುದ್ದೆ ಇಟ್ಟೆ. ಅವಳು ಅದನ್ನು ನೋಡಿ, ಎಷ್ಟೋ ದಿನದ ಮೇಲೆ ಸಣ್ಣಗೆ ನಕ್ಕಳು.

"ಇಷ್ಟೇನಾ ಅತ್ತೆ?"

"ಇವತ್ತಿಗೆ ಇಷ್ಟೇ ಕಣಮ್ಮ," ಎಂದೆ. ಅವಳು ತಿಂದಳು. ನಾಳೆಗೆ ಎಷ್ಟು ಎಂದು ನಾನು ಅವಳ ಮುಖ ನೋಡುತ್ತ ಕೂತೆ.