ಕಮಲತ್ತೆಯ ನಾಯಕಿಯರು

ಒಣಕೊಬ್ಬರಿ ತುರಿಯಲು ಕೂತರೆ ಇವತ್ತಿಗೂ ನನ್ನ ಕೈ ಓಡುವುದಿಲ್ಲ. ಆ ಎಣ್ಣೆಗಂಪು ಮೂಗಿಗೆ ಬಡಿದದ್ದೇ ತಡ, ಹಂದನಕೆರೆ ಪಕ್ಕದ ಹಳ್ಳಿಯ ನಮ್ಮ ಹಳೇ ಮನೆ, ಅದರ ಅಟ್ಟ, ಅಟ್ಟದ ಕೆಳಗೆ ಮಣೆ ಹಾಕಿಕೊಂಡು ಬರೆಯುತ್ತಿದ್ದ ಕಮಲತ್ತೆ, ಎಲ್ಲ ಕಣ್ಣ ಮುಂದೆ ಬಂದು ಕೂರುತ್ತವೆ. ಕಮಲತ್ತೆ ನಮ್ಮಪ್ಪನ ತಂಗಿ. ಮದುವೆಯಾದ ವರ್ಷವೇ ಗಂಡನನ್ನು ಕಳೆದುಕೊಂಡು ತವರಿಗೆ ಬಂದವಳು ಪ್ರೇಮದ ಕಾದಂಬರಿ ಬರೆಯಲು ಹಿಡಿದಳು ನೋಡಿ, ಮತ್ತೆ ಪೆನ್ನು ಕೆಳಗಿಡಲಿಲ್ಲ. ಎಪ್ಪತ್ತರ ದಶಕದಲ್ಲಿ ತಿಪಟೂರು ಬಸ್ ಸ್ಟ್ಯಾಂಡಿನ ಅಂಗಡಿಯಲ್ಲಿ ಅವಳ ಪುಸ್ತಕಗಳು ಸಾಲಾಗಿ ನೇತಾಡುತ್ತಿದ್ದವು. ಅತ್ತೆ ತುಮಕೂರಿನಿಂದಾಚೆ ಕಾಲಿಟ್ಟವಳಲ್ಲ. ಅವಳ ನಾಯಕರು ಮಾತ್ರ ಊಟಿ, ಡಾರ್ಜಿಲಿಂಗ್ ಸುತ್ತುತ್ತಿದ್ದರು. ಏನು ಮಾಡೋಣ, ಡಾರ್ಜಿಲಿಂಗಿನ ಬಂಗಲೆಯಲ್ಲೂ ಒಂದು ಅಟ್ಟ, ಅಟ್ಟದ ತುಂಬ ತೆಂಗಿನಕಾಯಿ! ಅಪ್ಪ ನಕ್ಕರೆ, "ಕಾಯಿ ಇಲ್ದೆ ಆ ಮನೆಯವ್ರು ಸಾರು ಹೆಂಗ್ ಮಾಡ್ತಾರಣ್ಣ?" ಎಂದು ರೇಗುತ್ತಿದ್ದಳು.

ನಮ್ಮ ಕಡೆ ಕೊಬ್ಬರಿಗೆಂದು ಇಟ್ಟ ಕಾಯನ್ನು ಕಿತ್ತ ಕೂಡಲೇ ಒಡೆಯುವುದಿಲ್ಲ. ವರ್ಷದ ಹತ್ತಿರ ಅಟ್ಟದಲ್ಲೇ ಬಿದ್ದಿದ್ದು, ಒಳಗಿನ ನೀರೆಲ್ಲ ಇಂಗಿ, ಕಿವಿ ಹತ್ತಿರ ಅಲ್ಲಾಡಿಸಿದರೆ ಗುಡುಗುಡು ಅನ್ನಬೇಕು. ಅತ್ತೆಯ ಕಾದಂಬರಿಗೂ ಅದೇ ನ್ಯಾಯ. ಹಿತ್ತಿಲಲ್ಲಿ ಕೊಬ್ಬರಿ ಒಡೆಯಲು ಬರುತ್ತಿದ್ದ ಹೆಂಗಸರ ಮುಂದೆ ಕೂತು ಬರೆದದ್ದನ್ನೆಲ್ಲ ಓದುತ್ತಿದ್ದಳು. ಅವರಲ್ಲಿ ಹಿರಿಯಳು ಸಿದ್ದಮ್ಮ. ಬಾಯಿ ಬಲು ಜೋರು. ಹಿಡಿಸದಿದ್ದರೆ, "ಇನ್ನೂ ನೀರೈತೆ ಕಣವ್ವ, ಅಟ್ಟಕ್ಕಾಕು" ಅಂದುಬಿಡುವಳು. ಅತ್ತೆ ಮುಖ ಊದಿಸಿಕೊಂಡು, ಹಾಳೆಗಳನ್ನು ಸುತ್ತಿ ನಿಜಕ್ಕೂ ಅಟ್ಟಕ್ಕೆ ಎಸೆಯುತ್ತಿದ್ದಳು. ಅಯ್ಯೋ, ಎಷ್ಟು ನಗುತ್ತಿದ್ದೆವು, ಎಷ್ಟು ಸುಖವಾಗಿದ್ದೆವು!

ಒಂದು ಸಲ ಅತ್ತೆ ತನ್ನಂಥ ಎಳೇ ವಿಧವೆಯ ಕತೆ ಬರೆದಳು. ಆ ಹುಡುಗಿಗೆ ಒಬ್ಬ ಮೇಷ್ಟ್ರ ಮೇಲೆ ಮನಸ್ಸು. ದೊಡ್ಡ ವಾರಪತ್ರಿಕೆಯೊಂದು ಅದನ್ನು ಧಾರಾವಾಹಿ ಮಾಡಲು ಒಪ್ಪಿತು. ಆದರೆ ಕೊನೆಗೆ ಹುಡುಗಿ ಸಾಯಬೇಕು, ವಿಧವೆಯ ಮದುವೆ ಓದುಗರಿಗೆ ಹಿಡಿಸದು ಅಂತ ಸಂಪಾದಕರ ಷರತ್ತು. ಆ ಪತ್ರಿಕೆಯಲ್ಲಿ ಒಮ್ಮೆ ಹೆಸರು ಬರಲೆಂದು ಅತ್ತೆ ಹರಕೆ ಹೊತ್ತಿದ್ದಳು. ಮನಸ್ಸು ಗಟ್ಟಿ ಮಾಡಿ ಹುಡುಗಿಗೆ ಜ್ವರ ಬರಿಸಿ ಸಾಯಿಸಿದಳು. ಅದನ್ನು ಹಿತ್ತಿಲಲ್ಲಿ ಓದಿ ಮುಗಿಸಿದಾಗ ಚಿಪ್ಪು ಒಡೆಯುವ ಸದ್ದೇ ನಿಂತುಹೋಯಿತು.

"ಯಾಕವ್ವ ಸಾಯಿಸ್ದೆ ಅದ್ನ?" ಅಂದಳು ಸಿದ್ದಮ್ಮ. "ಗಂಡ ಸತ್ತ ಅಂತ ಹೆಣ್ಣು ಸಾಯ್ಬೇಕಾ? ನೀನು ಬದುಕ್ಲಿಲ್ವಾ?"

ಅತ್ತೆ ಸಂಜೆ ಹಂಡೆಯೊಲೆಗೆ ಸಾವಿನ ಹಾಳೆಗಳನ್ನು ಒಂದೊಂದಾಗಿ ಹಾಕಿದಳು. ಮಾರನೆಯ ವಾರ ಹುಡುಗಿಯ ಮದುವೆ ಬರೆದು ಕಳಿಸಿದಳು. ಪತ್ರಿಕೆಯವರು ಕತೆಯನ್ನು ಹಿಂದಕ್ಕೆ ಕಳಿಸಿದರು. ಅದು ಆಮೇಲೆ ಪುಸ್ತಕವಾಗಿ ಬಂತು, ಆದರೆ ಆ ಪತ್ರಿಕೆಯಲ್ಲಿ ಅತ್ತೆಯ ಹೆಸರು ಕೊನೆಗೂ ಬರಲಿಲ್ಲ. ಕತೆ ವಾಪಸು ಬಂದ ದಿನ ಒಂದಿಷ್ಟು ಅತ್ತಳು. ಆಮೇಲೆ ಬೆಲ್ಲ ಕೊಬ್ಬರಿ ಬಾಯಿಗೆ ಹಾಕಿಕೊಂಡು, "ಹುಡುಗಿ ಬದುಕ್ತಲ್ಲ, ಬುಡು" ಅಂದಳು.

ಈಗ ಆ ಮನೆಯಿಲ್ಲ, ಅಟ್ಟವಿಲ್ಲ, ಹಿತ್ತಿಲ ಆ ಹರಟೆಯೂ ಇಲ್ಲ. ಎಂಬತ್ತರ ದಶಕದ ಕೊನೆಗೆ ಅತ್ತೆಯೂ ಹೋದಳು. ಅವತ್ತು ಅಂಗಳದಲ್ಲಿ ನೆಂಟರೊಬ್ಬರು, "ಪಾಪ, ಒಂದು ಸುಖ ಕಾಣಲಿಲ್ಲ" ಅಂತ ನಿಟ್ಟುಸಿರು ಬಿಟ್ಟರು. ಗೋಡೆಗೊರಗಿ ಕೂತಿದ್ದ ಮುದುಕಿ ಸಿದ್ದಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡು ಗದರಿದಳು.

"ಯಾರ್ ಹೇಳಿದ್ದು ನಿಮ್ಗೆ? ಅಷ್ಟೊಂದು ಹುಡ್ಗೀರ್ಗೆ ಮದುವೆ ಮಾಡಿಸ್ದೋಳು ಅವಳು. ಒಂದ್ ಹೆಣ್ಣನ್ನೂ ಸಾಯೋಕೆ ಬಿಡ್ಲಿಲ್ಲ ಕಣ್ರೀ ನಮ್ಮವ್ವ."